ಅಚ್ರೇಕರ್ ಸರ್ ದೊಡ್ಡವರು ಹೌದೋ, ಅಲ್ಲವೋ?

ಧಾರಾವಿಯ ತೊಂಬತ್ತು ಅಡಿ ರಸ್ತೆಯಿಂದ ಶಿವಾಜಿ ಪಾರ್ಕಿಗೆ ನಡೆದುಕೊಂಡೇ ಹೋಗಬಹುದು. ಮಾಹಿಮ್ ದಾಟಿದರೆ ಆಯ್ತು. ನಾನೂ ನನ್ನ ತಮ್ಮನೂ ಚಿಕ್ಕಂದಿನಲ್ಲಿ ಭಾನುವಾರ ಭಾನುವಾರ ಹಾಗೆ ಹೋಗಿ, ಅಲ್ಲಿಯ ಕಟ್ಟೆಯ ಮೇಲೆ ಕೂತು, ಬೇರೆಯವರ ಮಕ್ಕಳು ಬಿಳಿ ಪ್ಯಾಂಟು ತೊಟ್ಟು ನೆಟ್ಟಿನಲ್ಲಿ ಆಡುವುದನ್ನು ನೋಡಿ, ಒಂದು ವಡಾಪಾವನ್ನು ಇಬ್ಬರೂ ಹಂಚಿಕೊಂಡು ತಿಂದು ವಾಪಸ್ ಬರುತ್ತಿದ್ದೆವು. ಆದ್ದರಿಂದ ಈ ಲೇಖನದ ವಿಷಯ ನನಗೆ ಬರೀ ಕ್ರಿಕೆಟ್ಟಿನದಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

2024ರ ಡಿಸೆಂಬರ್ 3ರಂದು ಆ ಮೈದಾನದ ಅಂಚಿನಲ್ಲಿ ರಮಾಕಾಂತ್ ಅಚ್ರೇಕರ್ ಅವರ ಸ್ಮಾರಕ ತೆರೆಯಿತು. ಸಚಿನ್ ತೆಂಡುಲ್ಕರ್ ಬಂದಿದ್ದರು, ವಿನೋದ್ ಕಾಂಬ್ಳಿಯೂ ಬಂದಿದ್ದರು. ಮಾರನೆಯ ದಿನ ನಮ್ಮ ಸಂಘದ ಕೋಣೆಯಲ್ಲಿ ಜಗಳ ಶುರುವಾಯಿತು. ಒಬ್ಬ ಅಂದ: "ಸಚಿನ್ ಒಬ್ಬನನ್ನು ಕೊಟ್ಟಿದ್ದು ಸಾಲದಾ ಮಾರಾಯ? ಇನ್ನೇನು ಬೇಕು ನಿಂಗೆ?" ಇನ್ನೊಬ್ಬ ತಟ್ಟನೆ ಅಂದ: "ಸಚಿನ್ ಯಾರ ಕೈಗೆ ಸಿಕ್ಕಿದ್ರೂ ಸಚಿನ್ನೇ ಆಗ್ತಿದ್ದ. ಸರ್ ಅದೃಷ್ಟವಂತರು, ಅಷ್ಟೇ." ಚಹಾ ಆರಿತು, ಜಗಳ ಆರಲಿಲ್ಲ. ಒಬ್ಬ ತರಬೇತುದಾರ ನಿಜವಾಗಿ ದೊಡ್ಡವನೋ ಅಲ್ಲವೋ ಎಂದು ಹೇಳುವುದಕ್ಕೆ ಅಳತೆಗೋಲು ಯಾವುದು ಅನ್ನುವುದೇ ಅಲ್ಲಿ ಯಾರಿಗೂ ಹೊಳೆಯದೆ ಹೋದ ಪ್ರಶ್ನೆ.

ಮೊದಲು ಮನುಷ್ಯ ಯಾರು ಅಂತ ನೋಡೋಣ. ಹುಟ್ಟಿದ್ದು 1932ರಲ್ಲಿ. ತಾವೇ ಆಡಿದ ಪ್ರಥಮ ದರ್ಜೆಯ ಪಂದ್ಯ ಒಂದೇ ಒಂದು; ಸ್ಟೇಟ್ ಬ್ಯಾಂಕ್ ತಂಡಕ್ಕೆ, 1963-64ರ ಮೊಯಿನುದ್ದೌಲಾ ಟ್ರೋಫಿಯಲ್ಲಿ. ಆಮೇಲೆ ಬದುಕೆಲ್ಲ ಶಿವಾಜಿ ಪಾರ್ಕಿನ ಮಣ್ಣಿನಲ್ಲಿ. ಕಾಮತ್ ಮೆಮೋರಿಯಲ್ ಕ್ಲಬ್ ಕಟ್ಟಿದರು, ದಾದರಿನ ಶಾರದಾಶ್ರಮ ಶಾಲೆಯ ಹುಡುಗರನ್ನು ತಿದ್ದಿದರು. 1990ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ, 2010ರಲ್ಲಿ ಪದ್ಮಶ್ರೀ. 2019ರ ಜನವರಿ 2ರಂದು ತೀರಿಕೊಂಡರು. ಪದ್ಮಶ್ರೀ ಪಡೆದವರಾದರೂ ಅಂತ್ಯಕ್ರಿಯೆಗೆ ಸರಕಾರಿ ಗೌರವ ಸಿಗಲಿಲ್ಲ. ಯಾರೋ ಯಾರಿಗೋ ತಿಳಿಸುವುದು ತಪ್ಪಿಹೋಯಿತಂತೆ. ಇರಲಿ, ಗುರುಗಳನ್ನು ಸರಕಾರದ ಬಂದೂಕಿನ ಸದ್ದಿನಿಂದ ಅಳೆಯುವ ಕಾಲ ಇನ್ನೂ ಬಂದಿಲ್ಲ.

ಅವರ ಪಾಠದ ರೀತಿ ಹೇಗಿತ್ತು? ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ಎಲ್ಲರಿಗೂ ಗೊತ್ತಿರುವ ಆ ಒಂದು ರೂಪಾಯಿ ನಾಣ್ಯದ ಕಥೆಯ ಒಳಗೆ ಏನಿದೆ ಅಂತ ಯಾರೂ ಕೇಳುವುದಿಲ್ಲ. ಸಂಜೆಯ ಕಡೇ ಹೊತ್ತಿನಲ್ಲಿ ಸರ್ ಸ್ಟಂಪಿನ ಮೇಲೆ ಒಂದು ರೂಪಾಯಿ ಇಡುತ್ತಿದ್ದರು. ಔಟ್ ಮಾಡಿದ ಬೌಲರಿಗೆ ಆ ರೂಪಾಯಿ. ಯಾರೂ ಮಾಡದಿದ್ದರೆ ಬ್ಯಾಟ್ ಹಿಡಿದವನಿಗೆ. ಮೈದಾನದಲ್ಲಿದ್ದ ಹುಡುಗರೆಲ್ಲ ಸುತ್ತ ಫೀಲ್ಡಿಂಗಿಗೆ ನಿಲ್ಲುತ್ತಿದ್ದರು. ಬ್ಯಾಟ್ ಮಾಡುವವನು ಬೆಳಗಿನಿಂದ ಆಡಿ ಸುಸ್ತಾಗಿರುತ್ತಾನೆ, ಬೆಳಕು ಇಳಿದಿರುತ್ತದೆ, ಚೆಂಡನ್ನು ಗಾಳಿಯಲ್ಲಿ ಎತ್ತಿದರೆ ಎಲ್ಲಿ ಬಿದ್ದರೂ ಒಂದು ಕೈ ಇರುತ್ತದೆ. ಅಂದರೆ ನೆಲದ ಮೇಲೇ ಹೊಡೆಯಬೇಕು, ದಣಿದಾಗಲೂ ಮನಸ್ಸು ಸಡಿಲಬಾರದು. ಇದನ್ನು ಬಾಯಲ್ಲಿ ಹೇಳಿದರೆ ಹತ್ತು ಹನ್ನೊಂದು ವರ್ಷದ ಹುಡುಗ ಕೇಳುತ್ತಾನೆಯೇ? ರೂಪಾಯಿ ಹೇಳಿತು, ಕೇಳಿದ. ಸಚಿನ್ ಹತ್ತಿರ ಅಂಥ 13 ನಾಣ್ಯ ಇದ್ದವು.

ಎರಡನೆಯದು, ಪಂದ್ಯ. ಸರ್ ಅವರಿಗೆ ನೆಟ್ಟಿಗಿಂತ ಪಂದ್ಯದ ಮೇಲೆ ನಂಬಿಕೆ ಹೆಚ್ಚು. ಮೊದಲ ಬೇಸಿಗೆಯ 60 ದಿನ ರಜೆಯಲ್ಲಿ 55 ಅಭ್ಯಾಸ ಪಂದ್ಯ ಆಡಿದೆ ಎಂದು ಸಚಿನ್ ಆತ್ಮಕಥೆಯಲ್ಲಿ ಬರೆದಿದ್ದಾರೆ. ಶಿವಾಜಿ ಪಾರ್ಕಿನಲ್ಲಿ ಒಂದು ಕಡೆ ಔಟಾದರೆ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಆಜಾದ್ ಮೈದಾನಕ್ಕೆ. ದಿನಕ್ಕೆ ಎರಡು ಪಂದ್ಯ. ಲೋಕಲ್ ಗಾಡಿ, ಮಳೆ, ಗುಂಡಿ ಬಿದ್ದ ಪಿಚ್ಚು, ಬೇರೆ ಬೇರೆ ಅಂಪೈರು: ಇದೆಲ್ಲ ಸಿಲಬಸ್ಸಿನ ಒಳಗೇ ಇತ್ತು ಅನ್ನಿ.

ಈಗ ಎದುರು ಪಕ್ಷದ ವಾದ. ಅದೂ ಹಗುರದ್ದಲ್ಲ. ಮುಂಬಯಿಯ ಮಣ್ಣೇ ಬೇರೆ, ಸ್ವಾಮಿ. ಶಾಲೆಗಳ ಹ್ಯಾರಿಸ್ ಶೀಲ್ಡ್ ಹತ್ತೊಂಬತ್ತನೆಯ ಶತಮಾನದ್ದು. ಮಳೆಗಾಲದಲ್ಲೇ ಆಡುವ ಕಾಂಗಾ ಲೀಗ್ 1948ರಿಂದ ನಡೆದಿದೆ. 1958-59ರಿಂದ 1972-73ರ ತನಕ ಸತತ 15 ವರ್ಷ ರಣಜಿ ಟ್ರೋಫಿ ಈ ಊರಿನಲ್ಲೇ ಇತ್ತು. (ಮುಂದಿನ ವರ್ಷ ಅದನ್ನು ನಿಲ್ಲಿಸಿದವರು ಯಾರು ಎಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಿಲ್ಲ. 1974ರಲ್ಲಿ ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ಪ್ರಸನ್ನ, ಚಂದ್ರಶೇಖರ್ ಇದ್ದ ನಮ್ಮ ತಂಡ.) ವಿಜಯ್ ಮರ್ಚೆಂಟ್, ವಿಜಯ್ ಮಂಜ್ರೇಕರ್, ಗಾವಸ್ಕರ್ ಇವರಾರೂ ಅಚ್ರೇಕರ್ ಅವರ ಶಿಷ್ಯರಲ್ಲ. ಊರಿಡೀ ಫಸಲು ಬರುವಾಗ ಒಬ್ಬ ರೈತನ ಹೊಲದ ಫಸಲನ್ನು ಮಾತ್ರ ತೋರಿಸಿ "ನೋಡಿ, ಎಂಥ ರೈತ!" ಅಂದರೆ ಲೆಕ್ಕ ಸರಿಹೋಗುವುದಿಲ್ಲ. ಜೊತೆಗೆ ಹೆಸರಾದ ಶಾಲೆಗೆ ಚುರುಕು ಹುಡುಗರೇ ಬಂದು ಸೇರುತ್ತಾರೆ. ಸಚಿನ್ನೇ ಬಾಂದ್ರಾದ ಶಾಲೆ ಬಿಟ್ಟು ಶಾರದಾಶ್ರಮಕ್ಕೆ ಬಂದವರು. ಹತ್ತಿರವಾಗಲಿ ಎಂದು ಚಿಕ್ಕಪ್ಪ-ಚಿಕ್ಕಮ್ಮನ ಮನೆಯಲ್ಲಿ ಉಳಿದವರು.

ನಮ್ಮಪ್ಪ ಧಾರಾವಿಯಲ್ಲಿ ತೊಗಲಿನ ಚೀಲ ಹೊಲಿಯುವ ಕೆಲಸ ಮಾಡಿದವರು, ಕಲಬುರಗಿ ಕಡೆಯವರು. ಈ ಜಗಳದ ಸುದ್ದಿ ಹೇಳಿದಾಗ ಅವರು ಸೂಜಿಯಿಂದ ತಲೆ ಎತ್ತದೇ ಅಂದರು: "ತೊಗಲು ಛಲೋ ಇದ್ರ ಯಾರ್ ಹೊಲಿದ್ರೂ ಚೀಲ ಛಲೋನೇ ಆಗ್ತದ. ಕಲೆ ಬಿದ್ದ ತೊಗಲಿಗಿ ಹ್ಯಾಂಗ ಕತ್ರಿ ಹಾಕ್ತಾನ ನೋಡು. ಅಲ್ಲಿ ತಿಳೀತದ ಕಾರೀಗರ ಎಂಥಾವ ಅಂತ." ಸಂಘದ ಕೋಣೆಯಲ್ಲಿ ಎರಡು ತಾಸು ಮಾತಾಡಿದರೂ ಇಷ್ಟು ಹೊರಗೆ ಬಂದಿರಲಿಲ್ಲ.

ಅಂಕಿಯಿಂದ ಅಳೆಯೋಣ ಅನ್ನುವವರಿಗೆ ಅಮೆರಿಕದ ಕಾಲೇಜು ಫುಟ್‌ಬಾಲಿನ ಒಂದು ಉದಾಹರಣೆ ಕೊಡುತ್ತೇನೆ. ಅದು ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ. ಅಲ್ಲಿ ಕಾಲೇಜಿನ ಕೋಚ್ ಅಂದರೆ ರಾಜ್ಯದ ಮುಖ್ಯಮಂತ್ರಿಗಿಂತ ದೊಡ್ಡ ಮನುಷ್ಯ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಜೋ ಪಟೆರ್ನೋ 1966ರಿಂದ 2011ರ ತನಕ ಮುಖ್ಯ ಕೋಚ್ ಆಗಿದ್ದು 409 ಪಂದ್ಯ ಗೆದ್ದವರು. ಅವರ ಹಳೆಯ ಸಹಾಯಕನೊಬ್ಬ ಮಕ್ಕಳ ಮೇಲೆ ಅತ್ಯಾಚಾರ ಮಾಡಿದ್ದು ಬಯಲಾದಾಗ, ವಿಷಯ ಕಿವಿಗೆ ಬಿದ್ದ ಮೇಲೂ ಇವರು ಮಾಡಬೇಕಾದಷ್ಟು ಮಾಡಲಿಲ್ಲವೆಂದು 2011ರಲ್ಲಿ ಕೆಲಸದಿಂದ ತೆಗೆದರು. 2012ರಲ್ಲಿ ಅವರ ಲೆಕ್ಕದಿಂದ 111 ಗೆಲುವುಗಳನ್ನು ಕಳೆದರು. 2015ರಲ್ಲಿ ಮತ್ತೆ ಕೂಡಿಸಿದರು. ಈ ಕೂಡುವುದು ಕಳೆಯುವುದರ ನಡುವೆ ಆ ಮಕ್ಕಳ ಬದುಕಿನಲ್ಲಿ ಏನು ಬದಲಾಯಿತು? ಏನೂ ಇಲ್ಲ. ಅಂದ ಮೇಲೆ ಗೆಲುವಿನ ಪಟ್ಟಿ ಒಂದು ಪಟ್ಟಿ ಮಾತ್ರ.

ನಮ್ಮಲ್ಲೇ ಕಾಲ್ಚೆಂಡಿಗೆ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಇದ್ದರು, ಮೂಲತಃ ಶಾಲಾ ಮಾಸ್ತರು. 1950ರಿಂದ 1963ರಲ್ಲಿ ಸಾಯುವ ತನಕ ಭಾರತ ತಂಡವನ್ನು ತಯಾರಿಸಿದರು. 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ. ಅವರು ಹೋದ ಮೇಲೆ ಏಷ್ಯನ್ ಚಿನ್ನ ಮತ್ತೆ ಬರಲಿಲ್ಲ. ರಹೀಮ್ ಸಾಹೇಬರನ್ನು ತೂಗುವುದು ಸುಲಭ: ಅವರಿದ್ದಾಗ ಏನು, ಹೋದ ಮೇಲೆ ಏನು. ಅಚ್ರೇಕರ್ ಅವರನ್ನು ಹಾಗೆ ತೂಗಲಾಗದು, ಯಾಕಂದರೆ ಅವರ ಕೆಲಸ ತಂಡದ್ದಲ್ಲ, ಒಬ್ಬೊಬ್ಬ ಹುಡುಗನದ್ದು.

ಹುಡುಗರನ್ನೇ ನೋಡೋಣ ಹಾಗಾದರೆ. 1988ರ ಫೆಬ್ರವರಿ, ಆಜಾದ್ ಮೈದಾನ, ಹ್ಯಾರಿಸ್ ಶೀಲ್ಡ್ ಸೆಮಿಫೈನಲ್, ಎದುರಾಳಿ ಸೇಂಟ್ ಝೇವಿಯರ್ಸ್. 14 ವರ್ಷದ ಸಚಿನ್ ಔಟಾಗದೆ 326, 16 ವರ್ಷದ ಕಾಂಬ್ಳಿ ಔಟಾಗದೆ 349, ಜೊತೆಯಾಟ 664. ಸರ್ ಅವತ್ತು ಮೈದಾನದಲ್ಲಿರಲಿಲ್ಲ. ಡಿಕ್ಲೇರ್ ಮಾಡಿ ಎಂಬ ಸನ್ನೆಯನ್ನು ಹುಡುಗರು ಕಂಡೂ ಕಾಣದ ಹಾಗೆ ಆಡುತ್ತಲೇ ಇದ್ದರು. ಕೊನೆಗೆ ಫೋನಿನಲ್ಲಿ ಸರ್ ಗದರಿಸಿ ಡಿಕ್ಲೇರ್ ಮಾಡಿಸಿದರು. ಒಂದೇ ಒಂದು ರನ್ ಮಾಡಿ 350 ಮಾಡ್ಕೊಳ್ತೇನೆ ಎಂದು ಕಾಂಬ್ಳಿ ಬೇಡಿಕೊಂಡರೂ ಬಿಡಲಿಲ್ಲವಂತೆ. ಜಗತ್ತು 664ನ್ನು ನೆನಪಿಟ್ಟಿದೆ. ನನಗೆ ಆ ಫೋನು ಮುಖ್ಯ. ದಾಖಲೆ ಬೇಕಾಗಿದ್ದರೆ ಸರ್ ಸುಮ್ಮನಿರಬಹುದಿತ್ತು.

ಆ ದಿನ ಪ್ಯಾಡ್ ಕಟ್ಟಿಕೊಂಡು ಮೂರನೆಯ ಒಬ್ಬ ಹುಡುಗ ಕೂತಿದ್ದ, ಅಮೋಲ್ ಮುಜುಮ್ದಾರ್. ಮುಂದಿನ ಸರದಿ ಅವನದು. ಬರಲೇ ಇಲ್ಲ. ಒಂದೇ ಶಾಲೆ, ಒಂದೇ ಸರ್, ಒಂದೇ ನಾಣ್ಯ. ಒಬ್ಬರು 200 ಟೆಸ್ಟ್ ಆಡಿದರು. ಇನ್ನೊಬ್ಬರು 1993ರಲ್ಲಿ ಎರಡು ಟೆಸ್ಟುಗಳಲ್ಲಿ ಮೇಲಿಂದ ಮೇಲೆ 224, 227 ಹೊಡೆದು, 54.20ರ ಸರಾಸರಿ ಇಟ್ಟುಕೊಂಡು, 17 ಟೆಸ್ಟಿಗೆ, 23ರ ವಯಸ್ಸಿಗೆ ಟೆಸ್ಟ್ ಆಟ ಮುಗಿಸಿದರು. ಸಚಿನ್ ಸರಾಸರಿ 53.78, ಅಂಕಿಯನ್ನೇ ನಂಬುವವರು ಇದನ್ನೂ ನಂಬಲಿ. ಮೂರನೆಯವರು ಪ್ರಥಮ ದರ್ಜೆಯಲ್ಲಿ 11 ಸಾವಿರಕ್ಕೂ ಮಿಕ್ಕಿ ರನ್ ಮಾಡಿಯೂ ಭಾರತಕ್ಕೆ ಒಂದು ಪಂದ್ಯವನ್ನೂ ಆಡಲಿಲ್ಲ. ಸಚಿನ್ನಿಗಾಗಿ ಸರ್ ಅವರಿಗೆ ಪೂರ್ತಿ ಅಂಕ ಕೊಡುವುದಾದರೆ ಕಾಂಬ್ಳಿಗಾಗಿ ಕಳೆಯಬೇಕಲ್ಲವೇ? ಕಳೆಯಲು ಮನಸ್ಸು ಒಪ್ಪುವುದಿಲ್ಲ ಅಂದರೆ ಕೊಡುವಾಗಲೂ ಸ್ವಲ್ಪ ಕೈ ಹಿಡಿಯಬೇಕು.

ಇನ್ನು ಮರದ ಕಥೆ. 1984ರಲ್ಲಿ ಅಣ್ಣ ಅಜಿತ್, ತಮ್ಮ ಸಚಿನ್ನನ್ನು ಸರ್ ಹತ್ತಿರ ಕರೆದುಕೊಂಡು ಹೋದರು. ಹುಡುಗ ಹೆದರಿ ಏನೂ ಆಡಲಿಲ್ಲ. ಅಜಿತ್ ಸರ್ ಅವರನ್ನು ಕೇಳಿಕೊಂಡರು: ನೀವು ಹೋದ ಹಾಗೆ ಮಾಡಿ, ದೂರದಿಂದ ಮರೆಯಲ್ಲಿ ನಿಂತು ಇನ್ನೊಮ್ಮೆ ನೋಡಿ. ಸರ್ ಮರದ ಹಿಂದೆ ನಿಂತರು. ಹುಡುಗ ಆಡಿದ.

ಈ ಕಥೆಯನ್ನು ಎಲ್ಲರೂ ಸಂತೋಷದಿಂದ ಹೇಳುತ್ತಾರೆ. ನನಗೆ ಕೇಳಿದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಆಗುತ್ತದೆ. ನನ್ನ ತಮ್ಮ ಎಡಗೈ ಬೌಲರು. ನಮ್ಮ ಗಲ್ಲಿಯ ಮೋರಿಯ ಕಲ್ಲಿನ ಮೇಲೆ ಟೆನಿಸ್ ಚೆಂಡನ್ನು ಎರಡೂ ಕಡೆ ತಿರುಗಿಸುತ್ತಿದ್ದ. ಅವನಿಗೆ 13 ಇದ್ದಾಗ ಒಂದು ಮೈದಾನದಲ್ಲಿ ಆಯ್ಕೆಯ ಶಿಬಿರಕ್ಕೆ ಕರೆದುಕೊಂಡು ಹೋದೆ. ಕೈಗೆ ಕೊಟ್ಟದ್ದು ಹೊಲಿಗೆಯ ತೊಗಲಿನ ಚೆಂಡು. ಅಪ್ಪ ತೊಗಲಿನ ಕೆಲಸದವರು, ಮಗ ಮಾತ್ರ ತೊಗಲಿನ ಚೆಂಡು ಅವತ್ತೇ ಮೊದಲು ಮುಟ್ಟಿದ್ದು! ನಾಲ್ಕು ಎಸೆತ. ಎರಡು ವೈಡು. ಅಲ್ಲಿದ್ದ ಕೋಚು ಮುಂದಿನವನ ನಂಬರು ಕೂಗಿದರು. ನಾನು "ಸರ್, ಇನ್ನೊಂದ್ಸಲ ನೋಡಿ" ಅನ್ನಲಿಲ್ಲ. ಅನ್ನುವುದು ನನಗೆ ಹೊಳೆಯಲೂ ಇಲ್ಲ. ವಾಪಸ್ ಬರುವಾಗ ತಮ್ಮ ಮಾಹಿಮ್ ತನಕ ಮಾತಾಡಲಿಲ್ಲ. ಆಮೇಲೆ "ಹಸಿವು ಅಣ್ಣಾ" ಅಂದ. ಅವನು ಟೆಸ್ಟ್ ಆಡುತ್ತಿದ್ದ ಅಂತ ನಾನು ಹೇಳುತ್ತಿಲ್ಲ. ಪ್ರಾಯಶಃ ಆಡುತ್ತಿರಲಿಲ್ಲ. ಆದರೆ ಮರದ ಹಿಂದೆ ನಿಂತು ನೋಡಿದವರು ಯಾರೂ ಇಲ್ಲದ್ದರಿಂದ ಅದು ಗೊತ್ತಾಗುವ ಹಾಗೂ ಇಲ್ಲ.

ಹೀಗೆ ನೋಡಿದರೆ ಆ ಮರದ ಕಥೆಯಲ್ಲಿ ದೊಡ್ಡತನ ಅರ್ಧ ಅಜಿತ್ ಅವರದು. ಉಳಿದರ್ಧ? ಒಬ್ಬ ಹುಡುಗನ ಅಣ್ಣ ಹೇಳಿದ್ದಕ್ಕೆ, ಆಗಲೇ ಹೆಸರು ಮಾಡಿದ್ದ ಕೋಚು ತನ್ನ ಮೊದಲ ತೀರ್ಪನ್ನು ಬದಿಗಿಟ್ಟು ಹೋಗಿ ಮರದ ಹಿಂದೆ ನಿಂತರಲ್ಲ, ಅದು. ನಾನು ಕಂಡ ಮಟ್ಟಿಗೆ ಬಹಳ ಜನ ನಿಲ್ಲುವುದಿಲ್ಲ.

ಮುಂಬಯಿ ಕನ್ನಡಿಗರಿಗೆ ಈ ಲೆಕ್ಕ ಹೊಸದೇನೂ ಅಲ್ಲ. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು ರಾತ್ರಿ ಶಾಲೆಯಲ್ಲಿ ಓದಿದವರ ಕಥೆಗಳನ್ನು ನಾವು ಕೇಳುತ್ತಲೇ ಬೆಳೆದವರು. ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿಕೊಂಡು ಮಾಸ್ತರರನ್ನು ಹೊಗಳುವವರು ಹೋಟೆಲಿನ ಮಾಲೀಕರಾದವರು, ವಕೀಲರಾದವರು. ಕಡೇ ಬೆಂಚಿನಲ್ಲಿ ತೂಕಡಿಸಿ ಎರಡನೇ ತಿಂಗಳಿಗೆ ಬಿಟ್ಟುಹೋದವನನ್ನು ವೇದಿಕೆಗೆ ಯಾರು ಕರೆಯುತ್ತಾರೆ? ಅಚ್ರೇಕರ್ ಸರ್ ಕೊಟ್ಟ ಏಟಿನ ಕಥೆಯೂ ಹಾಗೆಯೇ. ಅಭ್ಯಾಸ ಪಂದ್ಯ ತಪ್ಪಿಸಿ, ವಾಂಖೆಡೆಯಲ್ಲಿ ಶಾಲೆಯ ದೊಡ್ಡ ಹುಡುಗರ ಫೈನಲ್ ನೋಡಲು ಹೋಗಿದ್ದಕ್ಕೆ ಸಚಿನ್‌ಗೆ ಕಪಾಳಕ್ಕೆ ಬಿತ್ತು. ಬೇರೆಯವರಿಗೆ ಚಪ್ಪಾಳೆ ತಟ್ಟುವ ಬದಲು ನಿನಗೆ ಬೇರೆಯವರು ತಟ್ಟುವ ಹಾಗೆ ಆಡು ಅನ್ನುವ ಅರ್ಥದ ಮಾತೂ ಬಿತ್ತು. ಸಚಿನ್ ಇದನ್ನು ಕೃತಜ್ಞತೆಯಿಂದ ಹೇಳುತ್ತಾರೆ, ಒಪ್ಪೋಣ. ಆದರೆ ಏಟು ತಿಂದೂ ಉಳಿದವನು ಮಾತ್ರ ಕಥೆ ಹೇಳುತ್ತಾನೆ. ತಿಂದು ಬಿಟ್ಟುಹೋದವನು ಎಲ್ಲಿ ಹೇಳಬೇಕು? ಈ ಏಟನ್ನು ನಾನು ಸರ್ ಅವರ ಜಮೆಯ ಕಡೆ ಬರೆಯಲಾರೆ.

ಹಾಗಾದರೆ ಜಮೆಗೆ ಏನು ಬರೆಯುತ್ತೀ ಅಂತ ಕೇಳಬಹುದು. ನಾನು ಬರೆಯುವುದು ಸಚಿನ್ ಹೆಸರಲ್ಲ. 1983ರ ವಿಶ್ವಕಪ್ ಫೈನಲ್ಲಿನಲ್ಲಿ ಗ್ರೀನಿಜ್ ಅವರ ಸ್ಟಂಪ್ ಕಿತ್ತ ಬಲ್ವಿಂದರ್ ಸಂಧು, 1992ರಲ್ಲಿ ಡರ್ಬನ್ನಿನ ಮೊದಲ ಟೆಸ್ಟಿನಲ್ಲೇ ಶತಕ ಹೊಡೆದ ಪ್ರವೀಣ್ ಆಮ್ರೆ, ಇವರೂ ಸರ್ ಹುಡುಗರೇ. ಆದರೆ ನನ್ನ ಕಣ್ಣಿಗೆ ಬೀಳುವುದು ಬೇರೆ ಒಂದು ಸಾಲು. ಈ ಶಿಷ್ಯರಲ್ಲಿ ಎಷ್ಟು ಜನ ಆಮೇಲೆ ತಾವೇ ಕಲಿಸುವವರಾದರು! ಆಮ್ರೆ, ಲಾಲ್‌ಚಂದ್ ರಜಪೂತ್, ಸಂಜಯ್ ಬಂಗಾರ್, ಪಾರಸ್ ಮ್ಹಾಂಬ್ರೆ, ರಮೇಶ್ ಪೊವಾರ್. ಚಂದ್ರಕಾಂತ್ ಪಂಡಿತ್ 1999ರಲ್ಲಿ ಮಧ್ಯಪ್ರದೇಶದ ನಾಯಕನಾಗಿ ಬೆಂಗಳೂರಿನಲ್ಲಿ ರಣಜಿ ಫೈನಲನ್ನು ಕರ್ನಾಟಕಕ್ಕೆ ಸೋತವರು. 23 ವರ್ಷದ ಮೇಲೆ, 2022ರಲ್ಲಿ, ಅದೇ ಚಿನ್ನಸ್ವಾಮಿ ಮೈದಾನದಲ್ಲಿ ಅದೇ ತಂಡದ ಕೋಚಾಗಿ ಟ್ರೋಫಿ ಎತ್ತಿಸಿದರು, ಅದೂ ಮುಂಬಯಿಯನ್ನೇ ಸೋಲಿಸಿ. ಬರೀ ಅದೃಷ್ಟದಿಂದ ಒಬ್ಬ ಸಚಿನ್ ಸಿಗಬಹುದು. ಕಲಿಸುವ ಚಟ ಇಷ್ಟು ಜನಕ್ಕೆ ಅಂಟಬೇಕಾದರೆ ಅಂಟಿಸಿದ್ದು ಏನೋ ಇದ್ದಿರಲೇಬೇಕು. ಅದಕ್ಕೇ ನಾನು ಸಂಘದ ಜಗಳದಲ್ಲಿ, ಏಟನ್ನೂ ಕಾಂಬ್ಳಿಯನ್ನೂ ಮುಂಬಯಿ ಮಣ್ಣನ್ನೂ ಲೆಕ್ಕ ಹಿಡಿದ ಮೇಲೂ, ದೊಡ್ಡವರು ಅನ್ನುವವರ ಕಡೆ ಕೈ ಎತ್ತಿದೆ.

ಅಮೋಲ್ ಮುಜುಮ್ದಾರ್ ಹೆಸರನ್ನು ಆ ಸಾಲಿನಿಂದ ಬೇಕೆಂದೇ ಬಿಟ್ಟಿದ್ದೆ. ಎರಡು ದಿನ ಪ್ಯಾಡ್ ಕಟ್ಟಿ ಕೂತ ಆ ಹುಡುಗ, 2025ರ ನವೆಂಬರ್ 2ರ ರಾತ್ರಿ ನವಿಮುಂಬಯಿಯ ಡಿ.ವೈ. ಪಾಟೀಲ್ ಮೈದಾನದಲ್ಲಿ ಭಾರತದ ಹೆಣ್ಣುಮಕ್ಕಳು ವಿಶ್ವಕಪ್ ಗೆದ್ದಾಗ ಅವರ ಕೋಚಾಗಿ ನಿಂತಿದ್ದರು. ನಮ್ಮ ಚಾಳಿನಲ್ಲಿ ಎಲ್ಲರೂ ಒಂದೇ ಟೀವಿಯ ಮುಂದೆ ಕೂತಿದ್ದೆವು. ತಮ್ಮ ಡ್ಯೂಟಿ ಮುಗಿಸಿ ತಡವಾಗಿ ಬಂದವನು ಬಾಗಿಲಲ್ಲೇ ನಿಂತು, "ಯಾರಣ್ಣಾ ಅವರು, ಅಳ್ತಾ ಇರೋರು?" ಅಂತ ಕೇಳಿದ. ಹೇಳಿದೆ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ.