ದೀಪದ ಬುಡದ ಕತ್ತಲೆಯನ್ನು ಅಳೆದವರು

ವಿದ್ಯಾಪೀಠವೆಂದರೆ ಪದವಿ ಹಂಚುವ ಸ್ಥಳವೆಂಬ ಭಾವನೆ ನಮ್ಮ ಜನರಲ್ಲಿ ಬೇರೂರಿದೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರಿಗೂ ಅಲ್ಲಿಯ ಪಂಡಿತರಿಗೂ ಏನು ಸಂಬಂಧವೆಂದು ಕೇಳುವವರೇ ಬಹಳ. ಮುಂಬಯಿಯ ದೇವನಾರಿನಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಚರಿತ್ರೆ ಈ ಪ್ರಶ್ನೆಗೆ ತಕ್ಕ ಉತ್ತರವಾಗಿದೆ.

ಈ ಸಂಸ್ಥೆಯ ಬೇರು ಇರುವುದು ಶ್ರಮಿಕರ ಕೇರಿಯಲ್ಲಿ. ನಾಗಪಾಡಾದಲ್ಲಿ ಜನಸೇವಾ ಕೇಂದ್ರವೊಂದನ್ನು ನಡೆಸುತ್ತಿದ್ದ ಅಮೆರಿಕದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅವರು ಇದರ ಮೊದಲ ನಿರ್ದೇಶಕರು. ಸೇವೆಗೆ ಕರುಣೆಯೊಂದೇ ಸಾಲದು, ಶಾಸ್ತ್ರೀಯ ಶಿಕ್ಷಣವೂ ಬೇಕೆಂಬ ಉದ್ದೇಶದಿಂದ, ಸರ್ ದೊರಾಬ್ಜಿ ಟಾಟಾ ಟ್ರಸ್ಟಿನ ನೆರವಿನಲ್ಲಿ, 1936ರಲ್ಲಿ ಇದು ಆರಂಭವಾಯಿತು. 1944ರಲ್ಲಿ ಇಂದಿನ ಹೆಸರನ್ನು ತಳೆದು, 1954ರಲ್ಲಿ ದೇವನಾರಿಗೆ ಬಂದು, 1964ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಸಮಾನವಾದ ಸ್ಥಾನವನ್ನು ಪಡೆಯಿತು.

ದೇವನಾರು ಸೇರಿರುವುದು ಪಾಲಿಕೆಯ ಎಂ ಪೂರ್ವ ವಾರ್ಡಿಗೆ. ಗೋವಂಡಿ, ಮಾನಖುರ್ದ, ಶಿವಾಜಿನಗರಗಳೂ ಇದರಲ್ಲಿಯೇ ಇವೆ. 1927ರಿಂದ ನಗರದ ಕಸ ಬಂದು ಬಿದ್ದುದೂ ಇಲ್ಲಿಯೇ. ಮುಂಬಯಿಯ ಮಾನವ ಅಭಿವೃದ್ಧಿಯನ್ನು ಕುರಿತ 2009ರ ವರದಿಯಲ್ಲಿ ಈ ವಾರ್ಡಿಗೆ ದೊರೆತ ಸೂಚ್ಯಂಕ ಕೇವಲ 0.05; ಪೂರ್ಣಾಂಕ 1. ಇಡೀ ನಗರದಲ್ಲಿ ಇದಕ್ಕಿಂತ ಕೆಳಗಿನ ವಾರ್ಡು ಇನ್ನೊಂದಿರಲಿಲ್ಲ. ಸಮಾಜ ಸೇವೆಯನ್ನು ಕಲಿಸುವ ಸಂಸ್ಥೆಯ ನೆರೆಹೊರೆಯೇ ಹೀಗೆ! ದೀಪದ ಬುಡದಲ್ಲಿ ಕತ್ತಲೆಯೆಂಬುದು ಸುಳ್ಳಲ್ಲ.

ಆದರೆ ಸಂಸ್ಥೆಯವರು ಆ ಕತ್ತಲೆಗೆ ಕಣ್ಣು ಮುಚ್ಚಿಕೊಳ್ಳಲಿಲ್ಲ. 2011ರಲ್ಲಿ ತಮ್ಮ 75ನೆಯ ವರ್ಷವನ್ನು ಆಚರಿಸುವಾಗ, ಈ ವಾರ್ಡಿನ ಪರಿವರ್ತನೆಯ ಯೋಜನೆಯನ್ನೇ ಕೈಗೆತ್ತಿಕೊಂಡರು. ಕೇರಿಕೇರಿಗೆ ಹೋಗಿ ನೀರು, ಶೌಚ, ಶಾಲೆ, ಆರೋಗ್ಯ, ದುಡಿಮೆಗಳ ಸ್ಥಿತಿಯನ್ನು ವಿಚಾರಿಸಿ ಬರೆದುಕೊಂಡರು.

ಬರೆದುಕೊಂಡ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಬರುವುದೇ ಎಂದು ವಾಚಕರು ಕೇಳಬಹುದು. ಬರುವುದಿಲ್ಲ, ನಿಜ. ಆದರೆ ಹೋಟೆಲು ನಡೆಸಿದ ನಮಗೆ ಒಂದು ಮಾತು ಚೆನ್ನಾಗಿ ಗೊತ್ತು: ಉದ್ರಿ ಪುಸ್ತಕದಲ್ಲಿ ಬರೆಯದ ಬಾಕಿ ಎಂದಿಗೂ ವಸೂಲಾಗದು. ಕಾಗದಕ್ಕೆ ಎಷ್ಟು ಬೆಲೆಯಿದೆಯೆಂಬುದನ್ನು ಈ ನಗರವೇ ತೋರಿಸಿದೆ. 2000ದ ಜನವರಿ 1ಕ್ಕೆ ಮೊದಲೇ ಇದ್ದುದಕ್ಕೆ ದಾಖಲೆಯಿಲ್ಲದ ಗುಡಿಸಲುಗಳಿಗೆ ಪಾಲಿಕೆ ನೀರಿನ ಸಂಪರ್ಕ ಕೊಡುತ್ತಿರಲಿಲ್ಲ. ಪಾನೀ ಹಕ್ ಸಮಿತಿಯವರು ನ್ಯಾಯಾಲಯದ ಮೆಟ್ಟಿಲೇರಿದ ಬಳಿಕ, 2014ರ ಡಿಸೆಂಬರಿನಲ್ಲಿ, ಅಂಥವರಿಗೂ ನೀರು ಕೊಡಬೇಕೆಂದು ಹೈಕೋರ್ಟು ಆಜ್ಞಾಪಿಸಿತು.

ಕೇರಿಯ ಕಷ್ಟ ಕೇರಿಗೇ ಸೀಮಿತವೆಂದು ತಿಳಿಯುವುದೂ ತಪ್ಪು. 2016ರ ಜನವರಿಯಲ್ಲಿ ದೇವನಾರಿನ ಕಸದ ಗುಡ್ಡೆಗೆ ಬೆಂಕಿ ಬಿದ್ದಾಗ, ಆ ಹೊಗೆ ಬಂಗಲೆ, ಗುಡಿಸಲುಗಳೆಂಬ ಭೇದವೆಣಿಸದೆ ಊರನ್ನೇ ಕವಿಯಿತು.

ನಮ್ಮ ಹೋಟೆಲು ಬಂಧುಗಳ ಸ್ಥಿತಿಯನ್ನು ನೋಡಿರಿ. ದುಡಿದ ಹೋಟೆಲಿನಲ್ಲಿಯೇ ಮೇಜುಗಳನ್ನು ಜೋಡಿಸಿಕೊಂಡು ಮಲಗುವ ಹುಡುಗನ ಕೈಯಲ್ಲಿ ಬಾಡಿಗೆಯ ಚೀಟಿಯಿಲ್ಲ. ಅವನ ಹೆಸರಿರುವುದು ಊರಿನ ರೇಷನ್ ಕಾರ್ಡಿನಲ್ಲಿ. ನಗರದ ಲೆಕ್ಕದಲ್ಲಿ ಅವನಿಲ್ಲದಿದ್ದರೆ, ಅವನ ಪಾಲಿನ ಆಸ್ಪತ್ರೆಯನ್ನೂ ರಾತ್ರಿಶಾಲೆಯನ್ನೂ ಕೇಳುವವರು ಯಾರು? ಆದುದರಿಂದ ಸಮೀಕ್ಷೆಯ ವಿದ್ಯಾರ್ಥಿಗಳು ಬಂದರೆ, ಕೆಲಸದ ಹೊತ್ತೆಂದು ಅವರನ್ನು ಸಾಗಹಾಕದಿರಿ. ಉಳ್ಳದ್ದನ್ನು ಉಳ್ಳಂತೆಯೇ ಹೇಳಿರಿ. ಮಾಲಕ ಬಾಂಧವರೂ ಗಲ್ಲೆಯಿಂದ ಎದ್ದು ಬಂದು, ಹುಡುಗರಿಗೆ ಮಾತನಾಡಲು ಐದು ನಿಮಿಷ ಬಿಡುವು ಕೊಡಲೆಂದು ನಾವು ಕೇಳಿಕೊಳ್ಳುತ್ತೇವೆ.