ಕಸಿ ಕಟ್ಟೋದನ್ನೇ ಕಸುಬು ಮಾಡಿಕೊಳ್ಳೋ ಆಸೆ ಇದ್ಯಾ?

"ಅಣ್ಣಾ, ಕಸಿ ಕಟ್ಟೋದನ್ನ ಎಷ್ಟು ದಿನದಲ್ಲಿ ಕಲೀಬಹುದು?" ಮಳೆಗಾಲ ಹತ್ತಿರ ಬಂತು ಅಂದರೆ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಇದೇ ಪ್ರಶ್ನೆ. ಚಾಕು ಹಿಡಿಯೋದನ್ನು ಕಲಿಯೋಕೆ ವಾರ, ಹತ್ತು ದಿನ ಸಾಕು. ಆದರೆ ಊರಿನವರು ನಿಮ್ಮನ್ನೇ ಹುಡುಕಿಕೊಂಡು ಬರಬೇಕಾದರೆ ಮೂರ್ನಾಲ್ಕು ವರ್ಷ ಬೇಕು. ಯಾಕೆಂದರೆ ನೀವು ಕಟ್ಟಿಕೊಟ್ಟ ಗಿಡ ಫಲ ಕೊಡೋವರೆಗೆ ನೀವು ಹೇಳಿದ ತಳಿ ಅದೇ ಹೌದೋ ಅಲ್ಲವೋ ಯಾರಿಗೂ ಗೊತ್ತಾಗೋದಿಲ್ಲ.

ಕೆಲಸಕ್ಕೆ ಬರ ಇಲ್ಲ. ಗೇರು, ಮಾವು, ಹಲಸಿನ ನರ್ಸರಿಗಳಲ್ಲಿ ಸೀಸನ್ನಿಗೆ ಕೈ ಪಳಗಿದವರು ಸಿಗೋದೇ ಕಷ್ಟ. ಹಳೇ ಮಾವಿನ ಮರದ ರೆಂಬೆ ಕಡಿದು, ಹೊಸ ಚಿಗುರಿಗೆ ಒಳ್ಳೆ ತಳಿ ಕಟ್ಟಿಕೊಡಿ ಅಂತ ತೋಟಕ್ಕೇ ಕರೆಯೋರೂ ಇದ್ದಾರೆ. ಬೇಕಾಗೋ ಸಾಮಾನೂ ಕಡಿಮೆ: ಒಂದು ಒಳ್ಳೆ ಕಸಿ ಚಾಕು, ಸಾಣೆಕಲ್ಲು, ಸಿಕೇಚರ್, ಪ್ಲಾಸ್ಟಿಕ್ ಪಟ್ಟಿ, ಐಸ್‌ಕ್ಯಾಂಡಿ ಕವರ್, ಒಂದು ಬಾಟ್ಲಿ ಸ್ಪಿರಿಟ್. ಎಡಗೈ ಹೆಬ್ಬೆರಳಿಗೆ ಸುತ್ತೋಕೆ ಬಟ್ಟೆಯ ಪ್ಲಾಸ್ಟರ್ ಮರೀಬೇಡಿ.

ಮೊದಲ ದಿನವೇ ಗಿಡಕ್ಕೆ ಕೈ ಹಾಕಬೇಡಿ. ಬೇಲಿಯ ದಾಸವಾಳದ ಕಡ್ಡಿ ತಂದು ಕೊಯ್ಯೋದನ್ನಷ್ಟೇ ಅಭ್ಯಾಸ ಮಾಡಿ. ಕಡ್ಡಿಯ ತುದಿಯನ್ನು ಎರಡೂ ಕಡೆಯಿಂದ ಸುಮಾರು 5 ಸೆಂ.ಮೀ. ಉದ್ದಕ್ಕೆ ಆಪಿನ ಹಾಗೆ ಚೂಪು ಮಾಡಬೇಕು. ಒಂದೇ ಎಳೆತಕ್ಕೆ ಬರಬೇಕು, ಪೆನ್ಸಿಲ್ ಕೆತ್ತಿದ ಹಾಗೆ ಚೂರು ಚೂರು ಕೆತ್ತಿದರೆ ಆಗಲ್ಲ. ಇನ್ನೊಂದು ಕಡ್ಡಿಯನ್ನು ನಡುವೆ ಸೀಳಿ ಅದರೊಳಗೆ ಇದನ್ನು ಕೂರಿಸಿ, ಬೆಳಕಿಗೆ ಹಿಡಿದು ನೋಡಿ. ಸಂದಿಯಲ್ಲಿ ಬೆಳಕು ಕಂಡರೆ ಮತ್ತೆ ಕೊಯ್ಯಿ. ಇನ್ನೂರು ಕಡ್ಡಿ ಹೀಗೆ ಹಾಳು ಮಾಡಿದರೂ ಖರ್ಚು ಸೊನ್ನೆ.

ಬೆಳಕು ಕಾಣಬಾರದು ಅನ್ನೋದಕ್ಕೆ ಕಾರಣ ಇದೆ. ತೊಗಟೆಗೂ ಕಟ್ಟಿಗೆಗೂ ನಡುವೆ ತೆಳ್ಳಗೆ, ಒದ್ದೊದ್ದೆಯಾಗಿ ಒಂದು ಪದರ ಇರುತ್ತೆ. ಎರಡು ಗಿಡ ಬೆಸೆಯೋದು ಅಲ್ಲೇ. ಬೇರುಗಿಡ ದಪ್ಪ, ಕಡ್ಡಿ ಸಣ್ಣ ಆದರೆ ನಡುವೆ ಕೂರಿಸಬೇಡಿ, ಒಂದು ಬದಿಯ ತೊಗಟೆಗೆ ತೊಗಟೆ ಸರಿಯಾಗಿ ಸೇರೋ ಹಾಗೆ ಕೂರಿಸಿ. ಆಮೇಲೆ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ, ಮೇಲಿಂದ ಕವರ್ ಹಾಕಿ ನೆರಳಲ್ಲಿಡಿ. ಮೂರು ವಾರದ ಹೊತ್ತಿಗೆ ಚಿಗುರು ಕಾಣುತ್ತೆ, ಆಗ ಕವರ್ ತೆಗೀಬೇಕು. ಸುತ್ತಿದ ಪಟ್ಟಿಯನ್ನು ಮಾತ್ರ ಬೆಸುಗೆ ಗಟ್ಟಿಯಾಗೋವರೆಗೆ ಬಿಚ್ಚಬೇಡಿ. ಹಾಗಂತ ಮರೆತರೆ ಅದೇ ಪಟ್ಟಿ ಗಿಡದ ಕುತ್ತಿಗೆ ಹಿಸುಕುತ್ತೆ.

ಕಡ್ಡಿ ತಯಾರಿ ಶುರುವಾಗೋದು ಕಸಿ ಕಟ್ಟೋ ದಿನ ಅಲ್ಲ. ಗೇರಿಗಾಗಲಿ ಮಾವಿಗಾಗಲಿ, ಮೂರ್ನಾಲ್ಕು ತಿಂಗಳು ಬಲಿತ, ಪೆನ್ಸಿಲ್ ಗಾತ್ರದ, ಹೂ ಬಿಡದ ರೆಂಬೆಯನ್ನು ಗುರುತು ಮಾಡಿಕೊಳ್ಳಿ. ವಾರ, ಹತ್ತು ದಿನ ಮೊದಲು ಎಲೆ ಕತ್ತರಿಸಿ ತೊಟ್ಟು ಮಾತ್ರ ಉಳಿಸಿ. ತೊಟ್ಟು ತಾನಾಗಿ ಉದುರಿ, ತುದಿ ಮೊಗ್ಗು ಉಬ್ಬಿಕೊಂಡಾಗ ಕಡ್ಡಿ ಕೊಯ್ಯಿ. ಒದ್ದೆ ಬಟ್ಟೇಲಿ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ತನ್ನಿ. ಎರಡು ದಿನ ಇಡಬಹುದು, ಆದರೆ ಅದೇ ದಿನ ಕಟ್ಟಿದ್ದಕ್ಕೆ ಸಮ ಯಾವುದೂ ಇಲ್ಲ. ಹಲಸಿಗೆ ಮೇಣದ ಕಾಟ ಬೇರೆ. ಕೊಯ್ದ ಜಾಗ, ಚಾಕು ಎರಡನ್ನೂ ಒರೆಸಿಕೊಳ್ಳುತ್ತಾ ಬೇಗ ಬೇಗ ಕೆಲಸ ಮುಗಿಸಬೇಕು.

ಇಷ್ಟನ್ನು ಯಾವ ವಿಡಿಯೋದಲ್ಲಾದರೂ ನೋಡಬಹುದು. ವಿಡಿಯೋ ಹೇಳದೆ ಇರೋದು ಒಂದಿದೆ: ಆ ಕಡ್ಡಿ ಬಂದಿದ್ದು ಎಲ್ಲಿಂದ?

ಅಪ್ಪೆಮಿಡಿ ಉಪ್ಪಿನಕಾಯಿ ತಿಂದವರಿಗೆ ಗೊತ್ತು, ಒಂದೊಂದು ಮರದ ಮಿಡಿಗೂ ಒಂದೊಂದು ಪರಿಮಳ. ಆ ಮರದ ಓಟೆ ನೆಟ್ಟರೆ ಅದೇ ಪರಿಮಳ ಬರುತ್ತೆ ಅನ್ನೋ ಭರವಸೆ ಇಲ್ಲ, ಕಸಿ ಮಾಡಿದರೆ ಮಾತ್ರ ಬರುತ್ತೆ. ಗುಬ್ಬಿ ತಾಲ್ಲೂಕಿನ ಚೇಳೂರಿನ 'ಸಿದ್ದು' ಹಲಸಿನ ಕಥೆಯೂ ಅಷ್ಟೇ. ತೋಟದಲ್ಲಿದ್ದ ಒಂದೇ ಮರ, ಕೆಂಪು ತೊಳೆ. 2017ರಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಆ ರೈತರ ಜೊತೆ ಒಪ್ಪಂದ ಮಾಡಿಕೊಂಡು ಕಸಿ ಗಿಡ ಮಾಡೋಕೆ ಶುರು ಮಾಡಿತು. ಆ ಮರದ ಗುಣ ಬೇರೆ ತೋಟಕ್ಕೆ ಹೋಗಿದ್ದು ಕಡ್ಡಿಯ ಮೂಲಕವೇ. ಕಡ್ಡಿ ಬದಲಾದರೆ ಉಳಿಯೋದು ಬರೀ ಹೆಸರು.

ನನಗೆ ಗೊತ್ತಿರೋ ರೈತರೊಬ್ಬರು ಕೆಂಪು ತೊಳೆ ಹಲಸು ಅಂತ ಒಂದು ನರ್ಸರಿಯಿಂದ ಅರವತ್ತು ಗಿಡ ತಂದು ನೆಟ್ಟರು. ಐದನೇ ವರ್ಷ ಹಣ್ಣು ಕೊಯ್ದು ನೋಡಿದರೆ ಹಳದಿ ತೊಳೆ, ಅದೂ ಸಪ್ಪೆ. ದುಡ್ಡು ವಾಪಸ್ ಕೊಟ್ಟಾರು ಅಂತಲೇ ಇಟ್ಟುಕೊಳ್ಳೋಣ. ಐದು ವರ್ಷ ಹಾಕಿದ ಗೊಬ್ಬರ, ನೀರು, ಆ ಜಾಗದ ಬೆಳೆ ಇದನ್ನೆಲ್ಲ ಯಾರು ಕೊಡ್ತಾರೆ? ಅಲ್ಲಿ ಕಸಿ ಕಟ್ಟಿದವರ ಕೈ ಚೆನ್ನಾಗೇ ಇತ್ತು, ಅರವತ್ತೂ ಗಿಡ ಬದುಕಿದ್ದವು!

ಹಾಗಾಗಿ ಕೈಲಿರೋ ಫೋನನ್ನು ಕೆಲಸಕ್ಕೆ ಹಚ್ಚಿ. ಕಡ್ಡಿ ತೆಗೆಯೋ ಮರ ಫಲ ಹೊತ್ತಿರುವಾಗಲೇ ಹೋಗಿ ನೋಡಿ, ಹಣ್ಣು ತಿಂದು ನೋಡಿ. ಮರದ ಫೋಟೋ, ಬಿಡಿಸಿದ ಹಣ್ಣಿನ ಫೋಟೋ, ಜಾಗದ ಲೊಕೇಶನ್ ಸೇವ್ ಮಾಡಿ. ಆ ಮರಕ್ಕೊಂದು ನಂಬರ್ ಕೊಡಿ. ಕಟ್ಟಿದ ಪ್ರತಿ ಗಿಡಕ್ಕೂ ಆ ನಂಬರ್, ಕಟ್ಟಿದ ತಾರೀಕು ಬರೆದ ಚೀಟಿ ಇರಲಿ. ಒಂದು ತಳಿಯ ಕಡ್ಡಿ ಪೂರ್ತಿ ಮುಗಿಯೋವರೆಗೆ ಇನ್ನೊಂದು ತಳಿಯ ಚೀಲ ಬಿಚ್ಚಲೇಬೇಡಿ. ನರ್ಸರಿಯವರು "ಆ ಕಡ್ಡಿ ಖಾಲಿಯಾಯ್ತು, ಇದನ್ನೇ ಕಟ್ಟು, ಯಾರಿಗೆ ಗೊತ್ತಾಗುತ್ತೆ" ಅಂದರೆ? ಇದು ಎಂದಾದರೂ ಒಂದು ದಿನ ನಿಮ್ಮೆದುರು ಬಂದೇ ಬರುತ್ತೆ. ಕಟ್ಟಲ್ಲ ಅನ್ನಿ. ಒಂದು ದಿನದ ಕೂಲಿ ಹೋಗಬಹುದು, ಹೋಗಲಿ.

ಕೂಲಿಯ ಮಾತು ಬಂತು. ಲೆಕ್ಕ ಸಾಮಾನ್ಯವಾಗಿ ಗಿಡಕ್ಕಿಷ್ಟು ಅಂತ. ಆದರೆ ಕಟ್ಟಿದ ಗಿಡಕ್ಕೋ, ಬದುಕಿದ ಗಿಡಕ್ಕೋ? ಮೊದಲೇ ಕೇಳಿಕೊಳ್ಳಿ. ಬದುಕಿದ್ದಕ್ಕೆ ಮಾತ್ರ ಅಂತಾದರೆ ಆಮೇಲೆ ನೀರು, ನೆರಳು ನೋಡಿಕೊಳ್ಳೋರು ಯಾರು ಅನ್ನೋದೂ ಮಾತಾಗಬೇಕು. ಅವರು ನೀರು ಮರೆತು ಗಿಡ ಒಣಗಿದರೆ ಅದರ ನಷ್ಟ ನಿಮ್ಮ ತಲೆಗೆ ಯಾಕೆ? ನಿಮ್ಮದೇ ಒಂದು ಪುಸ್ತಕದಲ್ಲಿ ದಿನಕ್ಕೆ ಎಷ್ಟು ಕಟ್ಟಿದೆ, ಎಷ್ಟು ಹಿಡಿಯಿತು ಅಂತ ಬರೆದಿಡಿ. ನೂರಕ್ಕೆ ಐವತ್ತು ಹಿಡಿಯೋ ಕೈ ಎಂಬತ್ತಕ್ಕೆ ಬಂದಾಗ ರೇಟು ಕೇಳೋಕೆ ಬೇರೆ ಸಾಕ್ಷಿ ಬೇಡ.

ಕಲಿಯೋಕೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಫೋನ್ ಮಾಡಿ ಕಸಿ ತರಬೇತಿ ಯಾವಾಗ ಅಂತ ವಿಚಾರಿಸಿ. ಗೇರಿನ ಕಡೆ ಮನಸ್ಸಿದ್ದರೆ ಪುತ್ತೂರಿನಲ್ಲಿ ಗೇರು ಸಂಶೋಧನಾ ಸಂಸ್ಥೆಯೇ ಇದೆ. ತರಬೇತಿ ಮುಗಿದ ಮೇಲೆ ಒಂದು ಸೀಸನ್ ಯಾರಾದರೂ ಹಳೇ ಕಸಿಗಾರರ ಜೊತೆ ಕೂತು ಕಡ್ಡಿ ಎತ್ತಿಕೊಡೋ ಕೆಲಸ ಮಾಡಿ, ಕೂಲಿ ಕಡಿಮೆ ಇದ್ದರೂ ಸರಿ. ಯಾವ ಕಡ್ಡೀನ ಅವರು ಮಾತಾಡದೇ ಬಿಸಾಕ್ತಾರೆ ಅನ್ನೋದನ್ನು ನೋಡ್ತಾ ಇರಿ. ಆ ಮೇಲೆ ಮನೆಗೆ ಬಂದು ಐವತ್ತು ಕಾಟು ಮಾವಿನ ಓಟೆ ಚೀಲಕ್ಕೆ ಹಾಕಿ. ನಿಮ್ಮ ಮೊದಲ ಬೇರುಗಿಡ ಅವೇ ಆಗಲಿ.