ಮಕ್ಕಳಿಗೂ ಸಂಧಿವಾತವೇ?

ಸಂಧಿವಾತ ವಯಸ್ಸಾದವರ ಕಾಯಿಲೆಯಲ್ಲವೇ? ಪಕ್ಕದ ಮನೆಯ ಆರು ವರ್ಷದ ಹುಡುಗಿಗೆ ಬಂದಿದೆ. ತಣ್ಣೀರಲ್ಲಿ ಆಡಿದ್ದಕ್ಕೇ ಹೀಗಾಯಿತು ಎನ್ನುತ್ತಾರೆ. ನಿಜವೇ?

ಪಾಪ, ತಣ್ಣೀರಿನ ಮೇಲೆ ಸುಮ್ಮನೆ ಅಪವಾದ! ವಯಸ್ಸಾದವರಲ್ಲಿ ಸಾಮಾನ್ಯವಾಗಿ ಕೀಲು ಸವೆಯುತ್ತದೆ. ಮಕ್ಕಳದು ಬೇರೆ ಕಥೆ. ರೋಗಾಣುಗಳ ಮೇಲೆ ಬೀಳಬೇಕಾದ ರೋಗನಿರೋಧಕ ಕಣಗಳು ಕೀಲಿನ ಒಳಪೊರೆಯ ಮೇಲೇ ದಾಳಿ ಮಾಡುತ್ತವೆ. ಪೊರೆ ಊದಿ, ಕೀಲಿನಲ್ಲಿ ನೀರು ತುಂಬುತ್ತದೆ. 16 ವರ್ಷದೊಳಗೆ ಶುರುವಾಗಿ, ಬೇರೆ ಕಾರಣ ಕಾಣದೆ, ಕನಿಷ್ಠ 6 ವಾರ ಉಳಿದರೆ ವೈದ್ಯರು ಇದನ್ನು ಮಕ್ಕಳ ಸಂಧಿವಾತ ಎನ್ನುತ್ತಾರೆ.

ದಾಳಿ ಏಕೆ? ಹಾಲಿದ್ದ ಮಾತ್ರಕ್ಕೆ ಮೊಸರಾಗದು, ಹೆಪ್ಪು ಬೀಳಬೇಕು. ವಂಶವಾಹಿ ಹಾಲಿದ್ದಂತೆ, ಅದಕ್ಕೇ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಇನ್ನೊಬ್ಬರಿಗೆ ಬರಲೇಬೇಕೆಂದಿಲ್ಲ. ಹೆಪ್ಪು ಯಾವುದೆಂಬ ಹುಡುಕಾಟ ನಡೆದೇ ಇದೆ. ಸೋಂಕುಗಳ ಮೇಲೆ ಅನುಮಾನವಿದೆ. ಎಳವೆಯಲ್ಲಿ ಪದೇ ಪದೇ ಆ್ಯಂಟಿಬಯಾಟಿಕ್ ಪಡೆದ ಮಕ್ಕಳಲ್ಲಿ ಈ ರೋಗ ಹೆಚ್ಚೆಂದು ಬ್ರಿಟನ್, ಫಿನ್ಲೆಂಡ್‌ಗಳ ಅಧ್ಯಯನಗಳು ತೋರಿಸಿವೆ. ರೋಗನಿರೋಧಕ ಶಕ್ತಿ ಹದಗೊಳ್ಳಲು ಕರುಳಿನ ಬ್ಯಾಕ್ಟೀರಿಯಾ ಬೇಕು. ಔಷಧ ಅವನ್ನೂ ಕೊಲ್ಲುತ್ತದೆ. ಕಾರಣ ಅದೇ ಇರಬಹುದು. (ಹಾಗೆಂದು ವೈದ್ಯರು ಬರೆದ ಮಾತ್ರೆಯನ್ನು ಅರ್ಧಕ್ಕೆ ಬಿಡಬೇಡಿ.)

ಕಾರಣ ಏನೇ ಇರಲಿ, ಬಡತನದ ಪೆಟ್ಟು ಬೀಳುವುದು ರೋಗ ಬಂದ ಮೇಲೆ. ಮಕ್ಕಳ ಕೀಲುರೋಗ ತಜ್ಞರು ಹೆಚ್ಚಾಗಿ ಇರುವುದು ದೊಡ್ಡ ಊರುಗಳಲ್ಲಿ. ಬಸ್ ಚಾರ್ಜು, ತಪ್ಪುವ ಕೂಲಿ ಲೆಕ್ಕ ಹಾಕುವಷ್ಟರಲ್ಲಿ ಕೀಲು ಸೆಟೆದುಕೊಂಡಿರುತ್ತದೆ. ಬೆಳಿಗ್ಗೆ ಕುಂಟಿ ಮಧ್ಯಾಹ್ನ ಓಡಾಡುವ ಮಗುವಿಗೆ 'ಶಾಲೆ ತಪ್ಪಿಸೋಕೆ ನೆಪ' ಎಂಬ ಬೈಗುಳ ಬೇರೆ. ನಿಮ್ಮ ಪಕ್ಕದ ಮನೆಯ ಹುಡುಗಿಯ ಕಣ್ಣನ್ನೂ ಪರೀಕ್ಷೆ ಮಾಡಿಸಲು ಹೇಳಿ. ಈ ರೋಗದಲ್ಲಿ ನೋವು, ಕೆಂಪು ಏನೂ ಇಲ್ಲದೆಯೂ ಕಣ್ಣೊಳಗೆ ಉರಿಯೂತ ಇರಬಹುದು.